ಆಕಾಶ ವೀಕ್ಷಣೆಯ ಹವ್ಯಾಸ ಮತ್ತು ನಮ್ಮ ನಗರಗಳ ಖಗೋಳ ಸಂಘಗಳು

(ದೆಹಲಿಯ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಖಗೋಳ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಮೊದಲು ಹಿಂಜರಿದೆ. ನಾನು ವಿಜ್ಞಾನಿಯಲ್ಲ. ಕನ್ನಡ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅನುವಾದಕನಾಗಿ ಕೆಲಸ ಮಾಡುತ್ತಿರುವವನು. ಕಡತ, ಸುತ್ತೋಲೆ, ಪ್ರಕಟಣೆಗಳ ನಡುವೆ ನನ್ನ ಹಗಲು ಕಳೆಯುತ್ತದೆ. ಆದರೆ ಕಳೆದ ಕೆಲವು ವರ್ಷಗಳಿಂದ, ತಿಂಗಳಿಗೆ ಒಂದೆರಡು ರಾತ್ರಿಗಳನ್ನು ಈ ನಗರದ ಹವ್ಯಾಸಿ ಖಗೋಳ ವೀಕ್ಷಕರ ಸಂಗಡ ಕಳೆಯುತ್ತ ಬಂದಿದ್ದೇನೆ. ವಿಜ್ಞಾನದ ಪದವಿಯಿಲ್ಲದ, ಗಣಿತಕ್ಕೆ ಹೆದರುವ ಸಾಮಾನ್ಯ ನೌಕರನೊಬ್ಬನಿಗೂ ಆಕಾಶದ ಬಾಗಿಲು ತೆರೆದಿದೆ ಎಂಬುದನ್ನು ತಿಳಿಸುವುದಕ್ಕೆ ನನ್ನಂಥವನೇ ತಕ್ಕವನೆಂದು ಅವರು ಒತ್ತಾಯಿಸಿದರು. ಆ ಧೈರ್ಯದಿಂದ ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲಿಗೆ ಮನೆಯ ಮಾತೊಂದನ್ನು ಹೇಳುತ್ತೇನೆ. 1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಅಂಕೋಲಾ ಕರಾವಳಿಯಲ್ಲಿ ನಮ್ಮ ನಾಡನ್ನು ಹೊಕ್ಕು, ಹುಬ್ಬಳ್ಳಿ, ಗದಗ, ರಾಯಚೂರುಗಳನ್ನು ದಾಟಿ, ಆಂಧ್ರದ ಮೂಲಕ ಪುರಿಯ ಕಡೆಗೆ ಸಾಗಿತು. ಜಗತ್ತಿನ ನಾನಾ ದೇಶಗಳ ವಿಜ್ಞಾನಿಗಳು ಉಪಕರಣಗಳನ್ನು ಹೊತ್ತು ಈ ಪಟ್ಟಿಯುದ್ದಕ್ಕೂ ಬೀಡುಬಿಟ್ಟಿದ್ದರು. ಆ ದಿನ ನನ್ನ ತಾಯಿ ಗದಗದ ಮನೆಯಲ್ಲಿದ್ದರು. ನಾನು ಅವರ ಗರ್ಭದಲ್ಲಿದ್ದೆ. ಬಸುರಿಗೆ ಗ್ರಹಣದ ನೆರಳು ತಾಗಬಾರದೆಂದು ಅಜ್ಜಿ ಅವರನ್ನು ಒಳಕೋಣೆಯಲ್ಲಿ ಕೂಡಿಸಿ, ಕಿಟಕಿಗೆ ಕಂಬಳಿ ಕಟ್ಟಿದ್ದರು. ನೀರು ಕುಡಿಯುವಂತಿಲ್ಲ, ಈಳಿಗೆಮಣೆ ಮುಟ್ಟುವಂತಿಲ್ಲ. ಆ ಮಧ್ಯಾಹ್ನ ಹೊರಗೆ ಹಗಲು ಕತ್ತಲಾಗಿ, ನಕ್ಷತ್ರಗಳು ಕಾಣಿಸಿಕೊಂಡು, ಸೂರ್ಯನ ಸುತ್ತ ಬೆಳ್ಳಿಯಂಥ ಪ್ರಭಾವಲಯ ಹರಡಿದ ಆ ಎರಡು ನಿಮಿಷಕ್ಕೂ ಮೀರಿದ ಹೊತ್ತಿನಲ್ಲಿ ನನ್ನ ತಾಯಿಗೆ ದೊರೆತದ್ದು ಒಂದೇ ಅನುಭವ: ಹಿತ್ತಿಲ ಬೇವಿನ ಮರಕ್ಕೆ ಹಕ್ಕಿಗಳು ಅವಸರದಿಂದ ಮರಳಿದ ಸದ್ದು. ಅಜ್ಜಿಯ ಮೇಲೆ ನನಗೆ ಮುನಿಸಿಲ್ಲ. ಅವರು ಮಾಡಿದ್ದು ವಾತ್ಸಲ್ಯದಿಂದ. ಆದರೆ ತಿಳಿವಳಿಕೆ ಮನೆಯ ಬಾಗಿಲಿಗೆ ಬಾರದಿದ್ದರೆ ವಾತ್ಸಲ್ಯವೂ ಕಿಟಕಿಗೆ ಕಂಬಳಿ ಕಟ್ಟುತ್ತದೆ. ಆ ಕಂಬಳಿಯನ್ನು ಬಿಚ್ಚುವ ಕೆಲಸವನ್ನು ಹವ್ಯಾಸಿ ಖಗೋಳ ಸಂಘಗಳು ಹೇಗೆ ಮಾಡುತ್ತಿವೆ ಎಂಬುದೇ ಇಂದಿನ ನನ್ನ ವಿಷಯ.

ಹವ್ಯಾಸಿ ಎಂದರೆ ಯಾರು?

ಜೀವನೋಪಾಯಕ್ಕೆ ಬೇರೆ ಉದ್ಯೋಗವಿದ್ದು, ಸಂತೋಷಕ್ಕಾಗಿ ಆಕಾಶವನ್ನು ಕ್ರಮಬದ್ಧವಾಗಿ ನೋಡುವವನು ಹವ್ಯಾಸಿ ಖಗೋಳ ವೀಕ್ಷಕ. ಹವ್ಯಾಸಿ ಎಂದೊಡನೆ ಅವನ ಕೆಲಸ ಹಗುರವಾದದ್ದೆಂದು ಭಾವಿಸಬೇಕಾಗಿಲ್ಲ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಆಗ ವೃತ್ತಿಯಿಂದ ಸಂಗೀತಗಾರನಾಗಿದ್ದ. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ತನ್ನ ಮನೆಯ ತೋಟದಿಂದಲೇ, ತಾನೇ ಉಜ್ಜಿ ತಯಾರಿಸಿದ ಕನ್ನಡಿಯ ದೂರದರ್ಶಕದಲ್ಲಿ ಆತ ಅದನ್ನು ಕಂಡ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅವಿಭಜಿತ ಬಂಗಾಳದ ಜೆಸ್ಸೋರಿನಲ್ಲಿ ರಾಧಾಗೋವಿಂದ ಚಂದ್ರ ಎಂಬವರಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಅನುತ್ತೀರ್ಣರಾಗಿ, ಸರ್ಕಾರಿ ಖಜಾನೆಯಲ್ಲಿ ಸಣ್ಣ ನೌಕರಿಗೆ ಸೇರಿದವರು. ಹಗಲು ಖಜಾನೆಯ ಹಣದ ಲೆಕ್ಕ, ರಾತ್ರಿ ನಕ್ಷತ್ರಗಳ ಲೆಕ್ಕ. ಮೂರು ಅಂಗುಲದ ಪುಟ್ಟ ದೂರದರ್ಶಕವೊಂದನ್ನು ಕೊಂಡು, ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರಗಳನ್ನು, ಅಂದರೆ ಚರಕಾಂತಿ ತಾರೆಗಳನ್ನು, ಇರುಳಿರುಳೂ ಗಮನಿಸಿ ಬರೆದಿಡತೊಡಗಿದರು. ಅಮೆರಿಕದ ಚರಕಾಂತಿ ತಾರಾ ವೀಕ್ಷಕರ ಸಂಘಕ್ಕೆ ಅವರು ಕಳುಹಿಸಿಕೊಟ್ಟ ವೀಕ್ಷಣೆಗಳ ಸಂಖ್ಯೆ 37 ಸಾವಿರಕ್ಕೂ ಹೆಚ್ಚು. ಈ ನಿಷ್ಠೆಯನ್ನು ಮೆಚ್ಚಿ ಆ ಸಂಘದವರು 1926ರಲ್ಲಿ ಆರು ಅಂಗುಲದ ದೂರದರ್ಶಕವೊಂದನ್ನು ಹಡಗಿನಲ್ಲಿ ಅವರಿಗೆ ಕಳುಹಿಸಿದರು. ದೇಶವಿಭಜನೆಯ ತರುವಾಯ ಅವರು ಪಶ್ಚಿಮ ಬಂಗಾಳಕ್ಕೆ ಬಂದು ನೆಲೆಸಿದರು. ವಯಸ್ಸಾದ ಮೇಲೆ ಆ ಉಪಕರಣ ಖ್ಯಾತ ಖಗೋಳ ವಿಜ್ಞಾನಿ ವೇಣು ಬಾಪು ಅವರ ಕೈಸೇರಿ, ಕೊನೆಗೆ ತಮಿಳುನಾಡಿನ ಕಾವಲೂರು ವೀಕ್ಷಣಾಲಯವನ್ನು ತಲುಪಿತು. ಕಚೇರಿಯಲ್ಲಿ ಕುಳಿತು ಬೇಸರವಾದಾಗಲೆಲ್ಲ ಖಜಾನೆಯ ಈ ನೌಕರರನ್ನು ನಾನು ನೆನೆಯುತ್ತೇನೆ.

ಒಂಟಿಯಾಗಿ ನೋಡುವುದಕ್ಕೂ ಸಂಗಡಿಗರೊಡನೆ ನೋಡುವುದಕ್ಕೂ ಇರುವ ಅಂತರವನ್ನು ಇನ್ನೊಂದು ಘಟನೆ ತಿಳಿಸುತ್ತದೆ. 1995ರ ಜುಲೈ 23ರ ರಾತ್ರಿ ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಕೆಲವರು ಹವ್ಯಾಸಿಗಳು ಸೇರಿದ್ದರು. ಅವರಲ್ಲಿ ಥಾಮಸ್ ಬಾಪ್ ಎಂಬಾತನ ಬಳಿ ಸ್ವಂತ ದೂರದರ್ಶಕವೇ ಇರಲಿಲ್ಲ. ಗೆಳೆಯನ ದೂರದರ್ಶಕದಲ್ಲಿ ಇಣುಕಿದಾಗ, ನಕ್ಷೆಯಲ್ಲಿ ಇಲ್ಲದ ಮಸುಕು ಚುಕ್ಕೆಯೊಂದು ಆತನಿಗೆ ಕಂಡಿತು. ಅದೇ ರಾತ್ರಿ ನ್ಯೂ ಮೆಕ್ಸಿಕೋದಲ್ಲಿ ಆಲನ್ ಹೇಲ್ ಎಂಬ ವಿಜ್ಞಾನಿಯೂ ಅದನ್ನು ಕಂಡಿದ್ದ. ಹೀಗೆ ಹೇಲ್-ಬಾಪ್ ಧೂಮಕೇತು ಇಬ್ಬರ ಹೆಸರನ್ನೂ ಹೊತ್ತಿತು. 1997ರ ಏಪ್ರಿಲ್ ತಿಂಗಳ ಸಂಜೆಗಳಲ್ಲಿ ವಾಯವ್ಯದ ಅಂಚಿನಲ್ಲಿ ಅದನ್ನು ನಮ್ಮ ಮನೆಯ ಮಾಳಿಗೆಯಿಂದ ನಾನೂ ನೋಡಿದ್ದೆ. ಆಗ ನನಗೆ ಹದಿನೇಳು ವರ್ಷ. ಅದು ಏನು, ಅದರ ಬಾಲ ಏಕೆ ಸೂರ್ಯನಿಂದ ಆಚೆಗೆ ಚಾಚಿದೆ ಎಂದು ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಪ್ರಶ್ನೆಗಳು ಹಾಗೆಯೇ ಉಳಿದು, ಇಪ್ಪತ್ತು ವರ್ಷ ಸುಮ್ಮನೆ ಮಲಗಿದವು.

ನಮಗೆ ಆಗಲೇ ತಿಳಿದಿರುವ ಆಕಾಶ

ಹೊಸದಾಗಿ ಕಲಿಯುವವರು ನಕ್ಷತ್ರಗಳ ವಿದೇಶಿ ಹೆಸರುಗಳನ್ನು ಕಂಡು ಗಾಬರಿಯಾಗುವುದುಂಟು. ವಾಸ್ತವವಾಗಿ ಕನ್ನಡಿಗರಾದ ನಮಗೆ ಅರ್ಧ ಪಾಠ ಮನೆಯಲ್ಲೇ ಆಗಿದೆ. ನಮ್ಮ ರೈತರು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದಲೇ ಕರೆಯುತ್ತಾರೆ: ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ, ಮಖಾ ಮಳೆ, ಸ್ವಾತಿ ಮಳೆ. ಆರಿದ್ರಾ ಮಳೆ ಜೂನ್ ತಿಂಗಳ ಮೂರನೆಯ ವಾರದ ಹೊತ್ತಿಗೆ ಹುಟ್ಟುತ್ತದೆ. ಆ ದಿನಗಳಲ್ಲಿ ಆರಿದ್ರಾ ನಕ್ಷತ್ರವನ್ನು ಹುಡುಕಿದರೆ ಸಿಗುವುದಿಲ್ಲ. ಏಕೆಂದರೆ ಸೂರ್ಯನು ಆಗ ಅದೇ ದಿಕ್ಕಿನಲ್ಲಿದ್ದು, ನಕ್ಷತ್ರವು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಆರು ತಿಂಗಳು ಕಳೆದು ಡಿಸೆಂಬರಿನಲ್ಲಿ ನೋಡಿ. ಭೂಮಿ ಸೂರ್ಯನ ಆಚೆಯ ಬದಿಗೆ ಬಂದಿರುವುದರಿಂದ, ಮಹಾವ್ಯಾಧನ ಹೆಗಲ ಮೇಲೆ ಅದೇ ಆರಿದ್ರಾ ಕೆಂಪಗೆ ಇಡೀ ರಾತ್ರಿ ಹೊಳೆಯುತ್ತಿರುತ್ತದೆ. ಮಳೆಯ ಹೆಸರಿನೊಳಗೆ ಭೂಮಿಯ ವಾರ್ಷಿಕ ಪ್ರದಕ್ಷಿಣೆ ಅಡಗಿದೆ ಎಂಬುದು ನನಗೆ ತಿಳಿದದ್ದು ಸಂಘದ ಹಿರಿಯರೊಬ್ಬರು ಕೈಹಿಡಿದು ತೋರಿಸಿದಾಗ.

ಹುಟ್ಟೂರನ್ನು ಬಿಟ್ಟುಬಂದ ನಾವು ನಡೆ, ನುಡಿ, ಊಟ ಬದಲಾದುದನ್ನು ಆಡಿಕೊಳ್ಳುತ್ತೇವೆ. ಆಕಾಶವೂ ತುಸು ಬದಲಾಗಿದೆ ಎಂಬುದನ್ನು ಮಾತ್ರ ಗಮನಿಸುವುದಿಲ್ಲ. ಧ್ರುವ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ ಸರಿಸುಮಾರು ಅಷ್ಟೇ ಆ ಊರಿನ ಅಕ್ಷಾಂಶ. ಬೆಂಗಳೂರು, ಚೆನ್ನೈಗಳಲ್ಲಿ ಅದು 13 ಡಿಗ್ರಿ, ಹೈದರಾಬಾದಿನಲ್ಲಿ 17, ಪುಣೆಯಲ್ಲಿ 18½, ಮುಂಬೈಯಲ್ಲಿ 19, ದೆಹಲಿಯಲ್ಲಿ 28½. ತೋಳನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮಕ್ಕಳು ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ತಮ್ಮ ಊರಿನ ಅಕ್ಷಾಂಶವನ್ನು ತಾವೇ ಅಳೆಯಬಹುದು.

ಧ್ರುವ ಮೇಲೇರಿದಷ್ಟೂ ದಕ್ಷಿಣದ ನಕ್ಷತ್ರಗಳು ಇಳಿಯುತ್ತವೆ. ಫೆಬ್ರವರಿಯ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಲುಬ್ಧಕನ ಕೆಳಗೆ ಕಾಣುವ ಪ್ರಕಾಶಮಾನವಾದ ತಾರೆ ಅಗಸ್ತ್ಯ. ಗದಗದಲ್ಲಿ ಅದು ಸುಮಾರು 22 ಡಿಗ್ರಿ ಎತ್ತರಕ್ಕೆ ಬರುತ್ತದೆ. ಚೆನ್ನೈಯಲ್ಲಿ 24, ಮುಂಬೈಯಲ್ಲಿ 18. ದೆಹಲಿಯಲ್ಲಿ 9 ಡಿಗ್ರಿಯನ್ನೂ ಮುಟ್ಟದೆ, ಮನೆಗಳ ಮಾಳಿಗೆಗಳ ಮರೆಯಲ್ಲೇ ಹಾದುಹೋಗುತ್ತದೆ. ತ್ರಿಶಂಕುವಿನ ತಳದ ತಾರೆಯಂತೂ ಇಲ್ಲಿ ಉದಿಸುವುದೇ ಇಲ್ಲ. ಊರಿನಲ್ಲಿದ್ದಾಗ ನಾನು ಎಂದೂ ತಲೆಯೆತ್ತಿ ನೋಡದಿದ್ದ ಅಗಸ್ತ್ಯನನ್ನು ಈಗ ಪ್ರತಿ ಚಳಿಗಾಲ ಹುಡುಕಿಕೊಂಡು ಹೋಗಿ ನೋಡಿ ಬರುತ್ತೇನೆ.

ಹಗಲಿನಲ್ಲೂ ಮಾಡಬಹುದಾದ ಪ್ರಯೋಗವೊಂದಿದೆ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲೆ ನೇರವಾಗಿ ಬಂದು, ನೆಟ್ಟ ಕೋಲಿನ ನೆರಳು ಕ್ಷಣಕಾಲ ಇಲ್ಲವಾಗುತ್ತದೆ. ಚೆನ್ನೈ, ಬೆಂಗಳೂರುಗಳಲ್ಲಿ ಇದು ಏಪ್ರಿಲ್ 24ರ ಸುಮಾರಿಗೆ, ಹೈದರಾಬಾದಿನಲ್ಲಿ ಮೇ 9ರ ಸುಮಾರಿಗೆ, ಪುಣೆಯಲ್ಲಿ ಮೇ 13 ಅಥವಾ 14ರಂದು, ಮುಂಬೈಯಲ್ಲಿ ಮೇ 15ರ ಸುಮಾರಿಗೆ ನಡೆಯುತ್ತದೆ. ಎರಡನೆಯ ಸಲ ಬರುವುದು ಜುಲೈ-ಆಗಸ್ಟ್ ತಿಂಗಳುಗಳಲ್ಲಿ. ಆಗ ಮೋಡದ ಕಾಟ ಹೆಚ್ಚು. ದೆಹಲಿಯವರಿಗೆ ಮಾತ್ರ ಈ ಭಾಗ್ಯವಿಲ್ಲ. ಇಲ್ಲಿ ನೆರಳು ಎಂದೂ ಪೂರ್ತಿ ಮಾಯವಾಗುವುದಿಲ್ಲ.

ಸಂಘ ಏಕೆ ಬೇಕು?

ಪುಸ್ತಕ ಓದಿ, ಉಪಕರಣ ಕೊಂಡು ಮನೆಯಲ್ಲೇ ನೋಡಬಾರದೇ ಎಂದು ಕೇಳಬಹುದು. ನಾನು ಹಾಗೆಯೇ ಆರಂಭಿಸಿ ಪೆಟ್ಟು ತಿಂದೆ. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ಶನಿಯ ಉಂಗುರ ತೋರಿಸೆಂದು ಹಟ ಹಿಡಿದಳು. ಅಂಗಡಿಯೊಂದಕ್ಕೆ ಹೋಗಿ ದೂರದರ್ಶಕ ಕೊಂಡೆ. ಪೆಟ್ಟಿಗೆಯ ಮೇಲೆ ‘ಐನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮಸೂರದ ವ್ಯಾಸ 50 ಮಿಲಿಮೀಟರು. ಮೂರು ಕಾಲಿನ ಆಸರೆ ಗಾಳಿ ಬೀಸಿದರೆ ನಡುಗುತ್ತಿತ್ತು. ಒಂದು ವಾರ ಪ್ರಯತ್ನಿಸಿದರೂ ಕಂಡದ್ದು ಕುಣಿಯುವ ಮಸುಕು ಬೆಳಕು. ಮಗಳು ಸುಮ್ಮನೆ ಒಳಗೆ ಹೋದಳು. ಪೆಟ್ಟಿಗೆ ಅಟ್ಟ ಸೇರಿತು.

ಮುಂದಿನ ತಿಂಗಳು ಸಹೋದ್ಯೋಗಿಯೊಬ್ಬರು ನಮ್ಮನ್ನು ಹವ್ಯಾಸಿಗಳ ಕೂಟವೊಂದಕ್ಕೆ ಕರೆದೊಯ್ದರು. ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನ ಕಥೆ ಕೇಳಿ ನಕ್ಕು, ಒಂದು ಸರಳ ಲೆಕ್ಕ ಹೇಳಿಕೊಟ್ಟರು. ದೂರದರ್ಶಕದ ಮುಖ್ಯ ಗುಣ ಅದು ಎಷ್ಟು ಬೆಳಕನ್ನು ಸಂಗ್ರಹಿಸುತ್ತದೆ ಎಂಬುದು. ಅದು ಮಸೂರ ಅಥವಾ ಕನ್ನಡಿಯ ವ್ಯಾಸವನ್ನು ಅವಲಂಬಿಸಿದೆ. ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಉಪಯುಕ್ತ ವರ್ಧನೆಯ ಮೇಲ್ಮಿತಿ. 50 ಮಿಲಿಮೀಟರಿಗೆ ನೂರು ಪಟ್ಟು. ಅದಕ್ಕೂ ಮೀರಿದರೆ ಮಸುಕೇ ದೊಡ್ಡದಾಗುತ್ತದೆ. ಬಳಿಕ ಅವರು ತಮ್ಮ ಎಂಟು ಅಂಗುಲದ ದೂರದರ್ಶಕವನ್ನು ಶನಿಯತ್ತ ತಿರುಗಿಸಿ ಮಗಳನ್ನು ಕರೆದರು. ಕಪ್ಪು ಆಕಾಶದಲ್ಲಿ ಉಂಗುರ ತೊಟ್ಟ ಪುಟ್ಟ ಬಿಂಬ ನಿಶ್ಚಲವಾಗಿ ನಿಂತಿತ್ತು. ಅವಳು ಕಣ್ಣು ತೆಗೆಯಲೇ ಇಲ್ಲ. ಸರದಿಯಲ್ಲಿದ್ದವರು ಯಾರೂ ಅವಸರಪಡಿಸಲಿಲ್ಲ. ಸಂಘದಿಂದ ದೊರೆಯುವ ಲಾಭ ಇದೇ: ಹಣ ತೆರುವ ಮೊದಲು ಅನುಭವಿಗಳ ಉಪಕರಣಗಳಲ್ಲಿ ನೋಡಬಹುದು, ತಪ್ಪನ್ನು ಮೊದಲೇ ತಿಳಿಯಬಹುದು, ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಪಡೆಯಬಹುದು.

ಭಾಷೆಯ ಅಳುಕೂ ಬೇಡ. ಆ ರಾತ್ರಿ ಹಿರಿಯರು ಹಿಂದಿಯಲ್ಲಿ ‘ರೋಹಿಣಿ’ ಎಂದು ತೋರಿಸಿದರು. ನಾನು ‘ಕೃತ್ತಿಕೆ’ ಎಂದೆ. ಪಕ್ಕದಲ್ಲಿದ್ದ ಮರಾಠಿ ದಂಪತಿಗಳು ‘ಮೃಗ’ ಎಂದು ಬೆರಳು ಚಾಚಿದರು. ದಿನವಿಡೀ ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾತನ್ನು ದಾಟಿಸುವ ನನಗೆ, ಅನುವಾದವೇ ಬೇಡದ ಪಟ್ಟಿಯೊಂದು ತಲೆಯ ಮೇಲೆ ಹರಡಿರುವುದನ್ನು ಕಂಡು ಹಿತವೆನಿಸಿತು.

ಯಾವ ನಗರದಲ್ಲಿ ಎಲ್ಲಿ?

ಪುಣೆಯ ಕನ್ನಡಿಗರು ಭಾಗ್ಯವಂತರು. 1944ರಲ್ಲಿ ಸ್ಥಾಪನೆಯಾದ ಜ್ಯೋತಿರ್ವಿದ್ಯಾ ಪರಿಸಂಸ್ಥಾ ದೇಶದ ಅತ್ಯಂತ ಹಳೆಯ ಹವ್ಯಾಸಿ ಖಗೋಳ ಸಂಸ್ಥೆ. ಪ್ರೊ. ಜಯಂತ ನಾರಳೀಕರ್ ಅವರು ಸ್ಥಾಪಕ ನಿರ್ದೇಶಕರಾಗಿ ಕಟ್ಟಿ ಬೆಳೆಸಿದ ಐಯೂಕಾ ಸಂಶೋಧನಾ ಕೇಂದ್ರವೂ ಅದೇ ನಗರದಲ್ಲಿದ್ದು, ಸಾರ್ವಜನಿಕರಿಗೆ ಮತ್ತು ಶಾಲಾ ಮಕ್ಕಳಿಗೆ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದೆ.

ಮುಂಬೈಯಲ್ಲಿ 1985ರಲ್ಲಿ, ಹ್ಯಾಲಿ ಧೂಮಕೇತುವಿನ ಆಗಮನದ ಉತ್ಸಾಹದ ದಿನಗಳಲ್ಲಿ, ಖಗೋಳ ಮಂಡಳ ಆರಂಭವಾಯಿತು. ನಗರದ ದೀಪಗಳಿಂದ ದೂರ, ಕರ್ಜತ್ ರೈಲುಮಾರ್ಗದ ವಾಂಗಣಿಯಲ್ಲಿ ಅವರ ರಾತ್ರಿ ವೀಕ್ಷಣೆಗಳು ನಡೆಯುತ್ತ ಬಂದಿವೆ. ವರ್ಲಿಯ ನೆಹರೂ ತಾರಾಲಯ 1977ರಿಂದ ಇದೆ.

ಹೈದರಾಬಾದಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯೇ ಇದೆ. ಅಲ್ಲಿನ ನಿಜಾಮಿಯಾ ವೀಕ್ಷಣಾಲಯ ಹುಟ್ಟಿದ್ದು ನವಾಬ್ ಜಫರ್ ಜಂಗ್ ಎಂಬ ಶ್ರೀಮಂತ ಹವ್ಯಾಸಿಯ ಆಸಕ್ತಿಯಿಂದ. ಅದೇ ವೀಕ್ಷಣಾಲಯದ ನೌಕರರೊಬ್ಬರ ಮಗನಾಗಿ ಬೆಳೆದ ವೇಣು ಬಾಪು 1949ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಧೂಮಕೇತುವೊಂದನ್ನು ಕಂಡುಹಿಡಿದರು. ಇಂದು ನೌಬತ್ ಪಹಾಡಿನ ಬಿರ್ಲಾ ತಾರಾಲಯ ಅಲ್ಲಿನ ಆಸಕ್ತರಿಗೆ ಮೊದಲ ಮೆಟ್ಟಿಲು. ಚೆನ್ನೈಯಲ್ಲೂ ಕೋಟ್ಟೂರುಪುರದ ಬಿರ್ಲಾ ತಾರಾಲಯವಿದೆ. ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಬಾಪು ಅವರ ಹೆಸರನ್ನೇ ಹೊತ್ತ ವೀಕ್ಷಣಾಲಯವಿದ್ದು, ಅಲ್ಲಿನ ದೊಡ್ಡ ದೂರದರ್ಶಕದ ಕನ್ನಡಿಯ ವ್ಯಾಸ 2.34 ಮೀಟರು. ಭೇಟಿಯ ದಿನ, ವೇಳೆಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳಿತು.

ದೆಹಲಿಯಲ್ಲಿ ತೀನ್ ಮೂರ್ತಿ ಆವರಣದ ನೆಹರೂ ತಾರಾಲಯ 1984ರಲ್ಲಿ ಆರಂಭವಾಯಿತು. ಇಲ್ಲಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಅದರ ನೆರಳಿನಲ್ಲೇ ಬೆಳೆಯಿತು. ಊರಿಗೆ ಹೋದಾಗ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿ ಕನ್ನಡದಲ್ಲಿಯೇ ಪ್ರದರ್ಶನ ನೋಡಬಹುದು. ಕನ್ನಡದಲ್ಲಿ ಓದಬಯಸುವವರು ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣ ರಾವ್ ಮೊದಲಾದವರ ಪುಸ್ತಕಗಳನ್ನು ಗ್ರಂಥಾಲಯಗಳಲ್ಲಿ ಹುಡುಕಬೇಕು. ನಿಮ್ಮ ಊರಿನಲ್ಲಿ ಯಾವ ಸಂಘವಿದೆ ಎಂಬುದು ತಿಳಿಯದಿದ್ದಲ್ಲಿ ಹತ್ತಿರದ ತಾರಾಲಯ, ವಿಜ್ಞಾನ ಕೇಂದ್ರ ಅಥವಾ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ.

ಸಂಘದ ಒಂದು ರಾತ್ರಿ

ವೀಕ್ಷಣೆಗೆ ಅಮಾವಾಸ್ಯೆಯ ಆಸುಪಾಸಿನ ವಾರಾಂತ್ಯವನ್ನು ಆರಿಸಿಕೊಳ್ಳುವುದು ವಾಡಿಕೆ. ಸಂಜೆಗೆ ಮುನ್ನ ಹಳ್ಳಿಯೊಂದನ್ನು ತಲುಪಿ, ಬೆಳಕಿರುವಾಗಲೇ ಉಪಕರಣಗಳನ್ನು ಜೋಡಿಸುತ್ತಾರೆ. ಕತ್ತಲಾದ ಮೇಲೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಬಿಳಿ ದೀಪ ಬೆಳಗಿದರೆ ಆ ಅಷ್ಟೂ ಹೊತ್ತಿನ ತಾಳ್ಮೆ ವ್ಯರ್ಥ. ಆದ್ದರಿಂದ ಬ್ಯಾಟರಿಗೆ ಕೆಂಪು ಕಾಗದ ಕಟ್ಟಿಕೊಂಡು ಹೋಗಬೇಕು. ಮೊಬೈಲು ಜೇಬಿನಲ್ಲೇ ಇರಬೇಕು. ಮೊದಲ ಒಂದು ಗಂಟೆ ಬರಿಗಣ್ಣಿನ ಪಾಠ: ದಿಕ್ಕುಗಳು, ರಾಶಿಗಳು, ಅಂದು ಕಾಣುವ ಗ್ರಹಗಳು. ನಡುರಾತ್ರಿ ಚಹಾ, ಬುತ್ತಿ. ಬೆಳಗಿನ ಜಾವದ ಹೊತ್ತಿಗೆ ಮುಂದಿನ ಋತುವಿನ ಆಕಾಶ ಪೂರ್ವದಲ್ಲಿ ಏರಿಬಂದಿರುತ್ತದೆ. ಚಿಕ್ಕ ಮಕ್ಕಳೊಡನೆ ಹಿರಿಯರೊಬ್ಬರು ಇರಲೇಬೇಕು. ಚಳಿಗೆ ಬೆಚ್ಚನೆಯ ಉಡುಪು ಬೇಕು. ಉಪಕರಣದ ಯಜಮಾನರನ್ನು ಕೇಳದೆ ಅದನ್ನು ಮುಟ್ಟಬಾರದು.

ಮಾರ್ಚ್ ಕೊನೆಯ ಅಥವಾ ಏಪ್ರಿಲ್ ಮೊದಲ ವಾರದ ಅಮಾವಾಸ್ಯೆಗೆ ವಿಶೇಷ ಸ್ಪರ್ಧೆಯೊಂದು ನಡೆಯುತ್ತದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ವೀಕ್ಷಕ ಚಾರ್ಲ್ಸ್ ಮೆಸ್ಸಿಯೇ ಹೆಸರಿನ ಪಟ್ಟಿಯಲ್ಲಿರುವ 110 ತಾರಾಗುಚ್ಛ, ನೀಹಾರಿಕೆ, ಗೆಲಾಕ್ಸಿಗಳಲ್ಲಿ ಎಷ್ಟನ್ನು ಒಂದೇ ರಾತ್ರಿ ಕಾಣಬಹುದೆಂದು ಪಂದ್ಯ ಕಟ್ಟುತ್ತಾರೆ.

ಮಳೆಗಾಲದಲ್ಲಿ ಆಕಾಶ ಮುಚ್ಚಿರುತ್ತದೆ. ಆಗ ಉಪನ್ಯಾಸಗಳು, ಕನ್ನಡಿ ಉಜ್ಜುವ ಶಿಬಿರಗಳು ನಡೆಯುತ್ತವೆ. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ, ಒಂದರ ಮೇಲೊಂದನ್ನು ಗಂಟೆಗಟ್ಟಲೆ ಉಜ್ಜುತ್ತಾರೆ. ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನಯವಾದ ಪುಡಿಗಳನ್ನು ಒಂದಾದ ಮೇಲೊಂದು ಬಳಸಿ, ಕೊನೆಗೆ ಹೊಳಪು ಕೊಟ್ಟು, ಬೆಳಕಿನ ಒಂದು ಅಲೆಯುದ್ದಕ್ಕಿಂತಲೂ ಕಡಿಮೆ ದೋಷವಿರುವ ಕನ್ನಡಿಯನ್ನು ಕೈಯಿಂದಲೇ ಸಿದ್ಧಪಡಿಸುತ್ತಾರೆ. ಗುಮಾಸ್ತರು, ಗೃಹಿಣಿಯರು, ಶಾಲಾ ಬಾಲಕರು ಈ ಕೆಲಸ ಮಾಡಿ ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊಳ್ಳಲೇಬೇಕೆಂದರೆ ಕ್ರಮ ಹೀಗಿರಲಿ. ಮೊದಲ ಆರು ತಿಂಗಳು ಬರಿಗಣ್ಣು ಮತ್ತು ನಕ್ಷತ್ರ ನಕ್ಷೆ. ಆಮೇಲೆ ಒಂದು ದುರ್ಬೀನು. ಅದರ ಮೇಲೆ 10 ಗುಣಿಸು 50 ಎಂದಿದ್ದರೆ ಹತ್ತು ಪಟ್ಟು ವರ್ಧನೆ, 50 ಮಿಲಿಮೀಟರ್ ವ್ಯಾಸದ ಮಸೂರ ಎಂದರ್ಥ. ಕೃತ್ತಿಕೆಯ ಗೊಂಚಲು, ಚಂದ್ರನ ಮೇಲಿನ ಕುಳಿಗಳು, ಗುರುವಿನ ನಾಲ್ಕು ಚಂದ್ರರು ಅದರಲ್ಲಿಯೇ ಕಾಣುತ್ತವೆ. ದೂರದರ್ಶಕದ ಸರದಿ ಮೂರನೆಯದು. ಅಷ್ಟರಲ್ಲಿ ಯಾವುದು ಬೇಕೆಂಬುದು ನಿಮಗೇ ತಿಳಿದಿರುತ್ತದೆ.

ಗ್ರಹಣ ಮತ್ತು ಕಣ್ಣು

ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ದುರ್ಬೀನು, ದೂರದರ್ಶಕಗಳಿಂದಾಗಲಿ ನೇರವಾಗಿ ನೋಡಕೂಡದು. ಕಣ್ಣಿನ ಅಕ್ಷಿಪಟಲ ಸುಟ್ಟರೂ ನೋವು ತಿಳಿಯುವುದಿಲ್ಲ. ಅದೇ ಅದರ ಅಪಾಯ. ಎಕ್ಸ್-ರೇ ಹಾಳೆ, ಮಸಿ ಹಿಡಿಸಿದ ಗಾಜು, ಬಣ್ಣದ ಕನ್ನಡಕ, ತಟ್ಟೆಯ ನೀರಿನ ಪ್ರತಿಬಿಂಬ ಯಾವುದೂ ಸುರಕ್ಷಿತವಲ್ಲ. ಐಎಸ್ಒ 12312-2 ಮಾನಕಕ್ಕೆ ಒಪ್ಪುವ, ಗೀರು ತೂತುಗಳಿಲ್ಲದ ಸೌರ ಕನ್ನಡಕವನ್ನೇ ಬಳಸಬೇಕು. ಇಲ್ಲವೇ ರಟ್ಟಿನಲ್ಲಿ ಸಣ್ಣ ರಂಧ್ರ ಮಾಡಿ, ಸೂರ್ಯನಿಗೆ ಬೆನ್ನುಮಾಡಿ ನಿಂತು, ಬಿಳಿ ಹಾಳೆಯ ಮೇಲೆ ಬಿಂಬವನ್ನು ಬೀಳಿಸಿ ನೋಡಬೇಕು. ಭಾರತದಿಂದ ಕಾಣುವ ಮುಂದಿನ ದೊಡ್ಡ ಗ್ರಹಣಗಳಲ್ಲಿ 2031ರ ಮೇ 21ರ ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾಯುತ್ತದೆ. 2034ರ ಮಾರ್ಚ್ 20ರ ಸಂಪೂರ್ಣ ಗ್ರಹಣದ ಪಟ್ಟಿ ದೇಶದ ಉತ್ತರ ತುದಿಯಲ್ಲಿ, ಲಡಾಖ್ ಸೀಮೆಯ ಮೇಲೆ ಹಾಯಲಿದೆ. ಇಂದು ಶಾಲೆಯಲ್ಲಿರುವ ಮಕ್ಕಳು ಅವುಗಳಿಗೆ ಈಗಿನಿಂದಲೇ ಸಿದ್ಧರಾಗಬಹುದು.

2022ರ ಅಕ್ಟೋಬರ್ 25ರಂದು, ದೀಪಾವಳಿಯ ಅಮಾವಾಸ್ಯೆಯ ದಿನ, ದೆಹಲಿಯಲ್ಲಿ ಪಾರ್ಶ್ವ ಸೂರ್ಯಗ್ರಹಣವಾಯಿತು. ನನ್ನ ತಾಯಿ ಹಬ್ಬಕ್ಕೆಂದು ನಮ್ಮಲ್ಲಿಗೆ ಬಂದಿದ್ದರು. ನಮ್ಮ ಸಂಘದವರು ಉದ್ಯಾನವೊಂದರಲ್ಲಿ ಸಾರ್ವಜನಿಕರಿಗೆ ವೀಕ್ಷಣೆಯ ಏರ್ಪಾಟು ಮಾಡಿದ್ದರು. ಬರುವುದಿಲ್ಲವೆಂದು ತಾಯಿ ಮಧ್ಯಾಹ್ನವಿಡೀ ಹೇಳುತ್ತಿದ್ದರು. ನಾನು ಬಲವಂತ ಮಾಡಲಿಲ್ಲ. ಮೊಮ್ಮಗಳು ರಟ್ಟು ಕತ್ತರಿಸಿ ರಂಧ್ರ ಮಾಡುವುದನ್ನು ನೋಡುತ್ತ ಕುಳಿತವರು, ನಾಲ್ಕು ಗಂಟೆಗೆ ತಾವೇ ಎದ್ದು ಸೆರಗು ಸರಿಪಡಿಸಿಕೊಂಡು ಹೊರಟರು. ಉದ್ಯಾನದಲ್ಲಿ ಮೊದಲು ಹಾಳೆಯ ಮೇಲಿನ ಬಿಂಬವನ್ನು ನೋಡಿದರು. ಬಳಿಕ ಸೌರ ಕನ್ನಡಕ ಹಾಕಿಕೊಂಡು ಪಶ್ಚಿಮಕ್ಕೆ ತಿರುಗಿದರು. ಸರಿಸುಮಾರು ಅರ್ಧ ಮುಕ್ಕಾದ ಸೂರ್ಯ ಮರಗಳ ಮೇಲೆ ಇಳಿಯುತ್ತಿದ್ದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕನ್ನಡಕ ತೆಗೆದು, ‘ಇದನ್ನ ನೋಡಬಾರದಂತ ನನ್ನ ಒಳಗ ಕೂಡಿಸಿದ್ರೇನಪಾ ಅವತ್ತ?’ ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಲವತ್ತೆರಡು ವರ್ಷಗಳ ಹಿಂದೆ ಅವರ ಮನೆಯ ಮಾಳಿಗೆಯ ಮೇಲೆಯೇ ಸಂಭವಿಸಿದ್ದ ಸಂಪೂರ್ಣ ಗ್ರಹಣ ಅವರ ಪಾಲಿಗೆ ಮತ್ತೆ ಬಾರದು. ಮರಳುವಾಗ ಅವರು ಮೊಮ್ಮಗಳ ಕೈಯಿಂದ ಆ ಕನ್ನಡಕವನ್ನು ಕೇಳಿ ತೆಗೆದುಕೊಂಡು ಗದಗಕ್ಕೆ ಒಯ್ದರು. ನೆರೆಮನೆಯವರಿಗೆ ತೋರಿಸಬೇಕಂತೆ.

ನಮ್ಮ ಪಾಲಿನ ಕೆಲಸ

ಹವ್ಯಾಸ ಸಂತೋಷಕ್ಕಾಗಿ ಆರಂಭವಾದರೂ ಕ್ರಮೇಣ ವಿಜ್ಞಾನಕ್ಕೂ ನೆರವಾಗುತ್ತದೆ. 2019ರ ಕೊನೆಯಲ್ಲಿ ನಮ್ಮ ಆರಿದ್ರಾ ನಕ್ಷತ್ರವೇ ಎಂದಿಲ್ಲದಂತೆ ಮಂಕಾಗತೊಡಗಿ 2020ರ ಫೆಬ್ರವರಿಯಲ್ಲಿ ಅತಿ ಮಂಕಾಯಿತು. ನಕ್ಷತ್ರ ಉಗುಳಿದ ಅನಿಲ ತಂಪಾಗಿ ಧೂಳಾಗಿ ಅದರ ಮುಖವನ್ನು ಮರೆಮಾಡಿದ್ದೇ ಇದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ಬಳಿಕ ವಿವರಿಸಿದರು. ಆ ತಿಂಗಳುಗಳಲ್ಲಿ ಜಗತ್ತಿನ ಅನೇಕ ಹವ್ಯಾಸಿಗಳು ಅದರ ಕಾಂತಿಯನ್ನು ಅಳೆದು ದಾಖಲಿಸಿದ್ದರು. ಉಲ್ಕಾಪಾತದ ಎಣಿಕೆ, ಸೌರಕಲೆಗಳ ಎಣಿಕೆ ಕೂಡ ಇಂಥವೇ. ಇವಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು ಮತ್ತು ಶ್ರದ್ಧೆ. ದಿನಾಂಕ, ವೇಳೆ, ಸ್ಥಳ, ಉಪಕರಣ, ಆಕಾಶದ ಸ್ಥಿತಿ ಈ ಐದನ್ನು ತಪ್ಪದೆ ಬರೆಯಬೇಕು. ವೇಳೆ ಬರೆಯದ ವೀಕ್ಷಣೆ ತಾರೀಖಿಲ್ಲದ ಪತ್ರದಂತೆ ನಿರುಪಯುಕ್ತ.

1976ರ 42ನೆಯ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದೂ ಒಂದು. ಆ ಮಾತನ್ನು ಕಡತಗಳಲ್ಲಿ ನಾನು ಎಷ್ಟೋ ಸಲ ಅನುವಾದಿಸಿದ್ದೇನೆ. ಅದರ ಅರ್ಥ ಮನದಟ್ಟಾದದ್ದು ಆ ಸಂಜೆ ಉದ್ಯಾನದಲ್ಲಿ.

ಆದ್ದರಿಂದ ಹೊರನಾಡ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ. ರಾಜ್ಯೋತ್ಸವ, ಯುಗಾದಿ, ನಾಡಹಬ್ಬಗಳ ಜೊತೆಗೆ ವರ್ಷಕ್ಕೆ ಒಂದು ಸಂಜೆಯನ್ನು ಆಕಾಶಕ್ಕಾಗಿ ಮೀಸಲಿಡಿ. ನಿಮ್ಮ ನಗರದ ಹವ್ಯಾಸಿ ಸಂಘಕ್ಕೆ ಒಂದು ತಿಂಗಳು ಮುಂಚೆ ಪತ್ರ ಬರೆಯಿರಿ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಗಳ ದಿನ ಆರಿಸಿಕೊಳ್ಳಿ. ಅರ್ಧಚಂದ್ರನ ಬೆಳಕು-ಕತ್ತಲೆಯ ಗಡಿಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬೀಳುವುದರಿಂದ, ಮೊದಲ ಸಲ ನೋಡುವವರಿಗೆ ಹುಣ್ಣಿಮೆಯ ಚಂದ್ರನಿಗಿಂತ ಅದೇ ಚೆನ್ನ. ನಗರದ ಬೆಳಕೂ ಅದಕ್ಕೆ ಅಡ್ಡಿಯಾಗದು. ಮಾಳಿಗೆಯ ದೀಪಗಳನ್ನು ಎರಡು ಗಂಟೆ ಆರಿಸಿ. ಹಿರಿಯರಿಗೆ ಕುರ್ಚಿ ಹಾಕಿಸಿ, ಮೊದಲ ಸರದಿಯನ್ನು ಅವರಿಗೇ ಕೊಡಿ. ಮಕ್ಕಳಿಗೆ ಮುಂದೆ ಅನೇಕ ರಾತ್ರಿಗಳಿವೆ.

ಇಂದು ಸಭೆ ಮುಗಿದ ಮೇಲೆ ಹೊರಗೆ ಅಂಗಳದಲ್ಲಿ ಎರಡು ದೂರದರ್ಶಕಗಳನ್ನು ಇರಿಸಲಾಗಿದೆ. ನಮ್ಮ ಸಂಘದ ಗೆಳೆಯರು ಕಾಯುತ್ತಿದ್ದಾರೆ. ಆಕಾಶವೂ ತಿಳಿಯಾಗಿದೆ. ದಯಮಾಡಿ ಎಲ್ಲರೂ ಬಂದು ನೋಡಿಯೇ ಹೋಗಬೇಕೆಂದು ಪ್ರಾರ್ಥಿಸುತ್ತೇನೆ.